ಇಲ್ಲದ ಗ್ರಹ, ಇದ್ದ ತಪ್ಪು

ಈ ವಾರಕ್ಕೆ ಅಂತ ಇಟ್ಟುಕೊಂಡಿದ್ದ ವಿಷಯವನ್ನ ಮುಂದಕ್ಕೆ ಹಾಕಿ ಇವತ್ತು ಬೇರೆಯದೊಂದನ್ನ ಎತ್ತಿಕೊಂಡಿದ್ದೀನಿ. ಕಾರಣ, ಒಂದು ಪತ್ರ. ಬರೆದವರು ಅಮೆರಿಕದಲ್ಲಿರೋ ನಮ್ಮ ಕೇಳುಗರೊಬ್ಬರು. ಹೆಸರು, ಊರು, ಕಂಪನಿ ಯಾವುದನ್ನೂ ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ. ಕೆಲಸದಲ್ಲಿ ಅವರು ಎರಡು ವಾರದ ಹಿಂದೆ ಒಂದು ಲೆಕ್ಕಕ್ಕೆ ಹಳೆಯ ಫೈಲ್ ಜೋಡಿಸಿಬಿಟ್ಟಿದ್ದಾರೆ. ಬಂದ ಅಂಕಿಗಳು ನೋಡೋಕೆ ಸರಿಯಾಗೇ ಇದ್ದವು, ಯಾರಿಗೂ ಅನುಮಾನ ಬರಲಿಲ್ಲ. ಮೊನ್ನೆ ಅವರಿಗೇ ಗೊತ್ತಾಯ್ತು. ಆದರೆ ಅವರು ವೀಸಾ ಮೇಲಿದ್ದಾರೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲವೇ ಮನೆ ಖಾಲಿ ಮಾಡಿ ಹೊರಡಬೇಕು. ಪತ್ರದ ಕೊನೆಯ ಸಾಲು ಹೀಗಿತ್ತು: "ಸದ್ದಿಲ್ಲದೆ ಸರಿ ಮಾಡಿಬಿಟ್ಟರೆ ಯಾರಿಗೆ ಏನು ನಷ್ಟ, ಹೇಳಿ?"

ಒಳ್ಳೆ ಪ್ರಶ್ನೆ. ಉಪದೇಶದ ಉತ್ತರ ಎಲ್ಲರಿಗೂ ಗೊತ್ತು, ಅದನ್ನ ನಾನು ಕೊಡೋದಿಲ್ಲ. ಅದರ ಬದಲು ಒಂದು ಗ್ರಹದ ಕಥೆ ಹೇಳ್ತೀನಿ. ಇರದೇ ಇದ್ದ ಗ್ರಹ ಅದು.

ನಾನಿರೋದು ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ. ಇಲ್ಲಿಂದ ಸುಮಾರು ಒಂದು ಗಂಟೆ ದಾರಿಗೆ, ಚೆಷೈರ್‌ನ ಹೊಲಗಳ ನಡುವೆ, ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಇದೆ. ಅಲ್ಲಿಯ ಲವೆಲ್ ರೇಡಿಯೋ ದೂರದರ್ಶಕ 1957ರಿಂದ ಕೆಲಸ ಮಾಡ್ತಿದೆ. ಅದರ ತಟ್ಟೆಯ ಅಗಲ 76 ಮೀಟರ್. ದನ ಮೇಯೋ ಹುಲ್ಲುಗಾವಲಿನ ಮೇಲೆ ಅಷ್ಟು ದೊಡ್ಡ ಬೋಗುಣಿ ಆಕಾಶ ನೋಡಿಕೊಂಡು ನಿಂತಿರುತ್ತೆ. ನಮ್ಮ ಅಮ್ಮ ಇಲ್ಲಿಗೆ ಬಂದಾಗ ಕರೆದುಕೊಂಡು ಹೋಗಿದ್ದೆ. "ಇಷ್ಟು ದೊಡ್ಡದನ್ನ ಇಟ್ಟುಕೊಂಡು ಇವರು ಕೇಳಿಸಿಕೊಳ್ಳೋದಾದರೂ ಏನನ್ನ?" ಅಂದರು.

ಕೇಳಿಸಿಕೊಳ್ಳೋದರಲ್ಲಿ ಒಂದು, ಪಲ್ಸಾರ್‌ಗಳನ್ನ. ದೊಡ್ಡ ನಕ್ಷತ್ರವೊಂದು ಸ್ಫೋಟಿಸಿದ ಮೇಲೆ ಉಳಿಯೋ ಗಟ್ಟಿ ಉಂಡೆ ಇದು. ಗಿರಗಿರ ತಿರುಗ್ತಾ, ಹಡಗುಗಳಿಗೆ ದಾರಿ ತೋರಿಸೋ ದೀಪಸ್ತಂಭದ ಹಾಗೆ ರೇಡಿಯೋ ಅಲೆಗಳ ಕಿರಣವನ್ನ ಬೀಸುತ್ತೆ. ಕಿರಣ ನಮ್ಮ ಕಡೆ ಹಾದಾಗೆಲ್ಲ ಒಂದು 'ಟಿಕ್'. ಈ ಟಿಕ್‌ಗಳ ಕ್ರಮ ಎಷ್ಟು ನಿಖರ ಅಂದರೆ, ಕೆಲವೇ ಮಿಲಿಸೆಕೆಂಡು ಹೆಚ್ಚುಕಮ್ಮಿಯಾದರೂ ಖಗೋಳ ವಿಜ್ಞಾನಿ ಕಿವಿ ನಿಮಿರಿಸ್ತಾರೆ. ಯಾಕಂದರೆ ಪಲ್ಸಾರ್ ಸುತ್ತ ಒಂದು ಗ್ರಹ ಇದ್ದರೆ ಅದು ಪಲ್ಸಾರನ್ನ ಚೂರು ಆಕಡೆ ಈಕಡೆ ಎಳೆಯುತ್ತೆ. ಪಲ್ಸಾರ್ ನಮ್ಮತ್ತ ಸರಿದಾಗ ಟಿಕ್ ಬೇಗ ಬರುತ್ತೆ, ದೂರ ಸರಿದಾಗ ತಡವಾಗುತ್ತೆ.

ಇಲ್ಲೊಂದು ತೊಡಕು ಇದೆ. ಅತ್ತ ಪಲ್ಸಾರ್ ಅಲುಗುತ್ತೋ ಇಲ್ವೋ, ಇತ್ತ ನಾವಂತೂ ಅಲುಗ್ತಾನೇ ಇದ್ದೀವಿ. ಜಾತ್ರೆಯಲ್ಲಿ ಜೈಂಟ್ ವೀಲ್ ಹತ್ತಿ ಕೂತು, ದೂರದ ದೇವಸ್ಥಾನದ ಗಂಟೆಯನ್ನ ಕೇಳ್ತಿದ್ದೀರಿ ಅಂತಿಟ್ಟುಕೊಳ್ಳಿ. ತೊಟ್ಟಿಲು ಗುಡಿಯ ಕಡೆಗೆ ಹೋದಾಗ ಸದ್ದು ಒಂಚೂರು ಬೇಗ ಮುಟ್ಟುತ್ತೆ, ಆಚೆ ಹೋದಾಗ ಒಂಚೂರು ತಡ. ಗಂಟೆ ಹೊಡೆಯೋರ ಕೈ ಸರಿಯಾಗೇ ಇರುತ್ತೆ, ಅಲುಗ್ತಿರೋರು ನಾವು. ಭೂಮಿ ಸೂರ್ಯನನ್ನ ಸುತ್ತುವಾಗ ಬೆಳಕಿನ ಲೆಕ್ಕದಲ್ಲಿ ಈ ಹೆಚ್ಚುಕಮ್ಮಿ ಎಂಟು ನಿಮಿಷಕ್ಕೂ ಮೀರುತ್ತೆ. ಎಂಟು ನಿಮಿಷದ ಅಲುಗಾಟವನ್ನ ಕಳೆದು, ಅದರೊಳಗೆ ಕೆಲವು ಮಿಲಿಸೆಕೆಂಡನ್ನ ಹುಡುಕಬೇಕು. ಅದಕ್ಕೆ ಎರಡು ವಿಷಯ ಖಚಿತವಾಗಿ ಗೊತ್ತಿರಬೇಕು: ಆಕಾಶದಲ್ಲಿ ಪಲ್ಸಾರ್ ಸರಿಯಾಗಿ ಎಲ್ಲಿದೆ, ಮತ್ತು ಭೂಮಿ ಹೇಗೆ ಸುತ್ತುತ್ತೆ.

1991ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಜೋಡ್ರೆಲ್ ಬ್ಯಾಂಕ್‌ನ ಮ್ಯಾಥ್ಯೂ ಬೈಲ್ಸ್, ಆಂಡ್ರ್ಯೂ ಲೈನ್, ಸೇತ್ನಾಮ್ ಶೇಮರ್ ಅವರ ಪ್ರಬಂಧ ಬಂತು. ಪಿಎಸ್‌ಆರ್ 1829-10 ಅನ್ನೋ ಪಲ್ಸಾರ್ ಸುತ್ತ ಒಂದು ಗ್ರಹ ಸಿಕ್ಕಿದೆ ಅಂತ. ನಮ್ಮ ಸೌರಮಂಡಲದ ಹೊರಗೆ ಒಂದು ಗ್ರಹ! ಆಗಿನ್ನೂ ಅಂಥದ್ದು ಒಂದೂ ಖಚಿತವಾಗಿ ಗೊತ್ತಿರಲಿಲ್ಲ. ಪ್ರಪಂಚದಾದ್ಯಂತ ಪತ್ರಿಕೆಗಳಲ್ಲಿ ಸುದ್ದಿಯಾಯ್ತು. ಸತ್ತ ನಕ್ಷತ್ರದ ಸುತ್ತ ಗ್ರಹ ಹೇಗೆ ಉಳಿಯಿತು ಅಂತ ವಿವರಿಸೋಕೆ ಸಿದ್ಧಾಂತಿಗಳು ಸಾಲುಗಟ್ಟಿ ಬರೆಯೋಕೆ ಶುರು ಮಾಡಿದರು.

ಆ ಗ್ರಹದ ಒಂದು ಸುತ್ತಿಗೆ ಎಷ್ಟು ಕಾಲ ಗೊತ್ತಾ? ಆರು ತಿಂಗಳು. ನಮ್ಮ ವರ್ಷದ ಸರಿಯಾಗಿ ಅರ್ಧ. ಇಲ್ಲಿ ನಿಮಗೂ ಅನುಮಾನ ಬಂದಿರಬೇಕು. ಅವರಿಗೂ ಬಂದಿತ್ತು. ಭೂಮಿಯ ಚಲನೆಯೇ ಎಲ್ಲೋ ಲೆಕ್ಕದಲ್ಲಿ ಉಳಿದುಕೊಂಡಿದೆಯಾ ಅಂತ ಪರೀಕ್ಷಿಸಿದ್ದರು, ಏನೂ ಸಿಕ್ಕಿರಲಿಲ್ಲ. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ತಪ್ಪು ಮಾಡೋರು ಅಂದ ಕೂಡಲೇ ಸೋಮಾರಿಗಳು, ಅಜಾಗರೂಕರು ಅಂತ ಅಂದುಕೊಳ್ತೀವಿ. ಇವರು ಆ ಕ್ಷೇತ್ರದ ಅತ್ಯಂತ ಎಚ್ಚರದ ಜನ.

1992ರ ಜನವರಿ ಮಧ್ಯದಲ್ಲಿ ಅಟ್ಲಾಂಟಾದಲ್ಲಿ ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆ ಇತ್ತು. ಗ್ರಹದ ಬಗ್ಗೆ ಮಾತಾಡೋಕೆ ಲೈನ್ ಅವರಿಗೆ ಆಹ್ವಾನ. ಸಭೆಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ಅವರಿಗೇ ತಪ್ಪು ಸಿಕ್ಕಿತು. ಪಲ್ಸಾರ್‌ನ ಸ್ಥಾನವನ್ನ ಮೊದಲು ಗುರುತಿಸಿದಾಗ ಅದು ಸ್ವಲ್ಪ ಆಚೀಚೆ ಆಗಿತ್ತು. ಮೊದಲ ಸುತ್ತಿನ ಲೆಕ್ಕ ಸುಲಭವಾಗಲಿ ಅಂತ ಭೂಮಿಯ ಪಥವನ್ನ ಸರಳವಾಗಿ ವೃತ್ತ ಅಂತ ಹಿಡಿದಿದ್ದರು. ಆಮೇಲೆ ನಿಜವಾದ ಪಥದಿಂದ ಮತ್ತೆ ಲೆಕ್ಕ ಹಾಕಬೇಕಿತ್ತು, ಈ ಒಂದು ಪಲ್ಸಾರ್ ವಿಷಯದಲ್ಲಿ ಅದು ಸರಿಯಾಗಿ ಆಗಿರಲಿಲ್ಲ. ಭೂಮಿಯ ಪಥ ವೃತ್ತ ಅಲ್ಲ, ಒಂಚೂರು ಚಪ್ಪಟೆ. ಜನವರಿಯಲ್ಲಿ ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರ ಇರ್ತೀವಿ, ಜುಲೈನಲ್ಲಿ 15.2 ಕೋಟಿ. ವೃತ್ತಕ್ಕೂ ಈ ಪಥಕ್ಕೂ ಇರೋ ವ್ಯತ್ಯಾಸವನ್ನ ಟಿಕ್‌ಗಳ ಲೆಕ್ಕದಲ್ಲಿ ಬಿಡಿಸಿ ನೋಡಿದರೆ ವರ್ಷಕ್ಕೆ ಎರಡು ಸಲ ಏರಿಳಿಯೋ ಒಂದು ಅಲೆ ಸಿಗುತ್ತೆ. ಅಂದರೆ ಆರು ತಿಂಗಳಿಗೊಂದು ಸುತ್ತು. ಅದೇ ಆ 'ಗ್ರಹ'. ಲೆಕ್ಕ ಸರಿಪಡಿಸಿದರು, ಗ್ರಹ ಮಾಯವಾಯ್ತು.

ಈಗ ಲೈನ್ ಅವರ ಜಾಗದಲ್ಲಿ ನಿಂತು ನೋಡಿ. ಪ್ರಪಂಚದಲ್ಲಿ ಬೇರೆ ಯಾರಿಗೂ ಇದು ಗೊತ್ತಿಲ್ಲ. ಹುಷಾರಿಲ್ಲ ಅಂತ ಹೇಳಿ ಸಭೆ ತಪ್ಪಿಸಬಹುದಿತ್ತು. "ಇನ್ನಷ್ಟು ಡೇಟಾ ಬಂದಿದೆ, ಸಂದೇಹ ಇದೆ" ಅಂತ ಮೆಲ್ಲಗೆ ಹಿಂದೆ ಸರಿಯಬಹುದಿತ್ತು. ಇದು ನಮ್ಮ ಕೇಳುಗರು ಕೇಳಿದ 'ಸದ್ದಿಲ್ಲದೆ ಸರಿ ಮಾಡೋದು'. ಲೈನ್ ಅಟ್ಲಾಂಟಾಗೆ ಹೋದರು, ವೇದಿಕೆ ಹತ್ತಿದರು, ಗ್ರಹ ಇಲ್ಲ ಅಂದರು. ಅಷ್ಟಕ್ಕೇ ನಿಲ್ಲಿಸದೆ ಏನು ತಪ್ಪಾಯ್ತು, ಯಾವ ಹಂತದಲ್ಲಿ, ಅದರಿಂದ ಯಾಕೆ ಆರು ತಿಂಗಳ ಅಲೆಯೇ ಬಂತು ಅನ್ನೋದನ್ನ ಬಿಡಿಸಿ ಹೇಳಿದರು. ಮುಗಿದಾಗ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಅದೇ ಜನವರಿಯಲ್ಲಿ ಲೈನ್ ಮತ್ತು ಬೈಲ್ಸ್ 'ನೇಚರ್'ನಲ್ಲೂ ಬರೆದರು: ಆ ಪಲ್ಸಾರ್ ಸುತ್ತ ಗ್ರಹ ಇಲ್ಲ.

ಸಾಮಾನ್ಯವಾಗಿ ಈ ಕಥೆ ಹೇಳೋರು ಚಪ್ಪಾಳೆಗೆ ನಿಲ್ಲಿಸ್ತಾರೆ. ನನಗೆ ಮುಖ್ಯ ಅನ್ನಿಸೋದು ಆಮೇಲೆ ಆದದ್ದು. ಅದೇ ಸಭೆಯಲ್ಲಿ, ಲೈನ್ ನಂತರ, ಅಲೆಕ್ಸಾಂಡರ್ ವೋಲ್ಷ್‌ಚಾನ್ ಮಾತಾಡಬೇಕಿತ್ತು. ಅವರದೂ ಪಲ್ಸಾರ್ ಗ್ರಹಗಳ ವಿಷಯವೇ! ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಪಿಎಸ್‌ಆರ್ 1257+12 ಅನ್ನೋ ಪಲ್ಸಾರ್ ಸುತ್ತ ಎರಡು ಗ್ರಹ ಕಂಡಿದ್ದರು. ಆ ಪ್ರಬಂಧ ಕೆಲವೇ ದಿನ ಮುಂಚೆ ಪ್ರಕಟವಾಗಿತ್ತು. ಈಗಷ್ಟೇ ಒಂದು ಗ್ರಹ ಕಣ್ಣೆದುರಿಗೆ ಸುಳ್ಳಾಗಿದೆ, ಮುಂದಿನವರ ಮಾತನ್ನ ಯಾರು ನಂಬ್ತಾರೆ?

ನಂಬೋಕೆ ದಾರಿ ಮಾಡಿಕೊಟ್ಟವರು ಲೈನ್. ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಅವರು ತೋರಿಸಿಯಾಗಿತ್ತು: ಪಲ್ಸಾರ್‌ನ ಸ್ಥಾನ, ಭೂಮಿಯ ಪಥ. ಕೂತಿದ್ದವರು ಅದೇ ಎರಡು ಪ್ರಶ್ನೆಯನ್ನ ವೋಲ್ಷ್‌ಚಾನ್ ಅವರ ಗ್ರಹಗಳಿಗೂ ಹಾಕಿ ನೋಡಬಹುದಿತ್ತು. ಅಲ್ಲಿ ಸ್ಥಾನವನ್ನ ಡೇಲ್ ಫ್ರೇಲ್ ಅನ್ನೋ ಇನ್ನೊಬ್ಬ ವಿಜ್ಞಾನಿ ಬೇರೆಯದೇ ದೂರದರ್ಶಕ ವ್ಯೂಹದಿಂದ ನಿಖರವಾಗಿ ಅಳೆದಿದ್ದರು. ಗ್ರಹಗಳ ಸುತ್ತಿನ ಕಾಲ 66.6 ದಿನ ಮತ್ತು 98.2 ದಿನ; ವರ್ಷಕ್ಕೂ ಅರ್ಧ ವರ್ಷಕ್ಕೂ ಅದರಲ್ಲಿ ನಂಟಿಲ್ಲ. ಆ ಗ್ರಹಗಳು ಇವತ್ತಿಗೂ ಉಳಿದುಕೊಂಡಿವೆ. ಸೌರಮಂಡಲದಾಚೆ ಮೊದಲು ದೃಢಪಟ್ಟ ಗ್ರಹಗಳು ಅಂತ ಪಠ್ಯಪುಸ್ತಕದಲ್ಲಿ ಬರೋದು ಅವೇ. ಲೈನ್ ಬರೀ "ಸಂದೇಹ ಇದೆ" ಅಂದಿದ್ದರೆ ಆ ಸಂದೇಹ ಎಲ್ಲರ ಗ್ರಹಗಳ ಮೇಲೂ ಹೊಗೆಯ ಹಾಗೆ ಕೂತುಬಿಡ್ತಿತ್ತು.

ಇನ್ನೊಂದು ಸಣ್ಣ ವಿಷಯ. ಪ್ರಬಂಧದಲ್ಲಿ ಮೊದಲ ಹೆಸರು ಕಿರಿಯರಾದ ಬೈಲ್ಸ್ ಅವರದು. ಅಟ್ಲಾಂಟಾದಲ್ಲಿ ನಿಂತು ಹೇಳಿದ್ದು ಹಿರಿಯರಾದ ಲೈನ್. ಲೈನ್ ಮುಂದೆ ಜೋಡ್ರೆಲ್ ಬ್ಯಾಂಕ್‌ನ ನಿರ್ದೇಶಕರೇ ಆದರು. 2007ರಲ್ಲಿ ಮೊದಲ 'ಫಾಸ್ಟ್ ರೇಡಿಯೋ ಬರ್ಸ್ಟ್' ಬಗ್ಗೆ ಬಂದ ಪ್ರಬಂಧದ ಲೇಖಕರಲ್ಲಿ ಬೈಲ್ಸ್ ಒಬ್ಬರು.

ಹಿರಿಯರು ಮುಂದೆ ನಿಲ್ಲೋದು ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಸತೀಶ್ ಧವನ್ ನೆನಪಾಗಿರ್ತಾರೆ. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರ ಎದುರು ಕೂತವರು ಇಸ್ರೋ ಅಧ್ಯಕ್ಷರಾಗಿದ್ದ ಧವನ್. ಮರುವರ್ಷ ಜುಲೈನಲ್ಲಿ ಗೆದ್ದಾಗ ಮಾತಾಡೋಕೆ ಕಳಿಸಿದ್ದು ಅಬ್ದುಲ್ ಕಲಾಂ ಅವರನ್ನ. ಆಗ ಧವನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರೂ ಹೌದು. ಆಫೀಸ್ ಮೀಟಿಂಗ್‌ಗಳಲ್ಲಿ ಈ ಕಥೆ ಸವೆದು ಹೋಗಿದೆ. ಹೇಳೋರು ಬಿಡೋ ಭಾಗ ಯಾವುದಂದರೆ, ಎರಡೂ ಪತ್ರಿಕಾಗೋಷ್ಠಿಗಳ ನಡುವೆ ಒಂದು ತನಿಖೆ ನಡೆದು, ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿತ್ತು ಅನ್ನೋದು ಪತ್ತೆಯಾಗಿದ್ದು. ಧವನ್ ಹೊಣೆ ಹೊತ್ತರು ಅನ್ನೋದು ನಿಜ. ಆ ಸೋರಿಕೆ ಸಿಗದೇ ಇದ್ದಿದ್ದರೆ 1980ರಲ್ಲಿ ಕಲಾಂ ಅವರಿಗೂ ಹೇಳೋಕೆ ಏನೂ ಇರ್ತಿರಲಿಲ್ಲ.

ಇರಲಿ. ಲೈನ್, ಧವನ್ ಎಲ್ಲ ದೊಡ್ಡವರು. ಅವರನ್ನ ಯಾರೂ 60 ದಿನದಲ್ಲಿ ದೇಶ ಬಿಡಿ ಅನ್ನೋದಿಲ್ಲ. ಪತ್ರ ಬರೆದವರು ಇದನ್ನೇ ಹೇಳ್ತಾರೆ ಅಂತ ನನಗೆ ಗೊತ್ತು, ಅದು ಸರಿಯೂ ಹೌದು. ಹಾಗಾಗಿ ನನ್ನದೇ ಒಂದು ಹೇಳ್ತೀನಿ.

ನಾನು ಈ ದೇಶಕ್ಕೆ ಬಂದ ಎರಡನೇ ವರ್ಷ. ನೀರಿನ ಮಾದರಿಗಳಲ್ಲಿ ಲೋಹದ ಅಂಶ ಅಳೆಯೋ ಒಂದು ಲ್ಯಾಬಿನಲ್ಲಿ ಕೆಲಸ, ನಾನೂ ಆಗ ವೀಸಾ ಮೇಲೆ. ಯಂತ್ರ ಮಾದರಿಯನ್ನ ಅಳೆಯೋದಕ್ಕೆ ಮೊದಲು, ಅದಕ್ಕೆ ಗೊತ್ತಿರೋ ಪ್ರಮಾಣದ ದ್ರಾವಣ ಕೊಟ್ಟು "ಇದು ಇಷ್ಟು" ಅಂತ ಕಲಿಸಬೇಕು. ಅಂಗಡಿಯ ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ. ಆ ದ್ರಾವಣದ ಹೊಸ ಬಾಟಲಿ ಬಂತು. ಅದು ಹಳೆಯದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಹೆಚ್ಚು ಗಾಢ. ಲೇಬಲ್ ಮೇಲೆ ಬರೆದಿತ್ತು. ನಾನು ಓದಲಿಲ್ಲ, ಹಳೆಯ ಅಂಕಿಯನ್ನೇ ಟೈಪ್ ಮಾಡಿದೆ. ಅಲ್ಲಿಂದ ಹನ್ನೊಂದು ದಿನ ಪ್ರತಿ ಮಾದರಿಯೂ ಇರೋದಕ್ಕಿಂತ ಕಡಿಮೆ ತೋರಿಸಿತು. ದಿನಾ ಬೆಳಿಗ್ಗೆ ಪರಿಶೀಲನೆಗೆ ಅಂತ ಒಂದು ದ್ರಾವಣ ಓಡಿಸ್ತಿದ್ದೆವು, ಅದರಲ್ಲಿ ಎಲ್ಲ ಸರಿ ಅಂತಲೇ ಬರ್ತಿತ್ತು. ಯಾಕಂದರೆ ಅದನ್ನೂ ನಾನು ಅದೇ ಬಾಟಲಿಯಿಂದ, ಅದೇ ಹಳೆಯ ಅಂಕಿ ಹಿಡಿದು ಮಾಡಿದ್ದೆ! ತೂಕದ ಕಲ್ಲನ್ನ ಅದೇ ಕಲ್ಲಿನಿಂದ ತೂಗಿ ನೋಡಿ ಸರಿಯಿದೆ ಅಂದ ಹಾಗೆ.

ಒಂದು ಗುರುವಾರ ಸಂಜೆ, ಬಾಟಲಿಯನ್ನ ಫ್ರಿಜ್‌ಗೆ ಇಡುವಾಗ ಲೇಬಲ್ ಕಣ್ಣಿಗೆ ಬಿತ್ತು. ಹೊಟ್ಟೆಯಲ್ಲಿ ತಣ್ಣೀರು ಸುರಿದ ಹಾಗಾಯ್ತು. ಮ್ಯಾನೇಜರ್ ಇನ್ನೂ ಅವರ ಕೋಣೆಯಲ್ಲೇ ಇದ್ದರು, ದೀಪ ಕಾಣ್ತಿತ್ತು. ನಾನು ಕೋಟು ಹಾಕಿಕೊಂಡು ಮನೆಗೆ ಹೋದೆ. ಶುಕ್ರವಾರ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಶನಿವಾರ, ಭಾನುವಾರ ಇಡೀ ತಲೆಯಲ್ಲಿ ಮಾತು ಜೋಡಿಸ್ತಾ ಕೂತೆ. ಎಷ್ಟು ನಾಜೂಕಾಗಿ ಜೋಡಿಸಿದೆ ಅಂದರೆ, ಕೊನೆಗೆ ಅದರಲ್ಲಿ ನನ್ನ ತಪ್ಪೇ ಕಾಣ್ತಿರಲಿಲ್ಲ.

ಸೋಮವಾರ ಹೇಳಿದೆ. ಅವರು ಕೇಳಿಸಿಕೊಂಡರು, ಬಾಟಲಿ ತರಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ನಿಮಗೆ ಗೊತ್ತಾಗಿದ್ದು ಯಾವಾಗ?" ಗುರುವಾರ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶುಕ್ರವಾರ ಮಧ್ಯಾಹ್ನ ಎರಡು ವರದಿಗಳು ಹೊರಗೆ ಹೋಗಿದ್ದವು. ಹನ್ನೊಂದು ದಿನದ ಮಾದರಿಗಳು ಇನ್ನೂ ಲ್ಯಾಬಿನಲ್ಲೇ ಇದ್ದವು, ಮತ್ತೆ ಅಳೆಯೋಕೆ ಮೂರು ದಿನ ಸಾಕಾಯ್ತು. ಆದರೆ ಹೊರಗೆ ಹೋದ ಎರಡು ವರದಿಯನ್ನ ವಾಪಸ್ ಕರೆಸೋಕೆ ಅವರು ಒಬ್ಬೊಬ್ಬರಿಗೂ ಫೋನ್ ಮಾಡಬೇಕಾಯ್ತು. ಬಾಟಲಿಯ ಬಗ್ಗೆ ನನಗೆ ಯಾರೂ ಬೈಯಲಿಲ್ಲ. ಆ ಶುಕ್ರವಾರದ ಬಗ್ಗೆ ಕೂರಿಸಿಕೊಂಡು ಮಾತಾಡಿದರು, ನನ್ನ ಕಡತದಲ್ಲಿ ಬರೆದೂ ಇಟ್ಟರು. ಕೆಲಸ ಉಳಿಯಿತು. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ, ನನಗೆ ಸಿಕ್ಕ ಮ್ಯಾನೇಜರ್ ಒಳ್ಳೆಯವರು.

ಆ ವಾರಾಂತ್ಯ ನಾನು ಜೋಡಿಸಿದ ಮಾತುಗಳ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೀನಿ. ನಮ್ಮ ಭಾಷೆಯಲ್ಲಿ ಕ್ಷಮೆ ಕೇಳುವಾಗ ಏನಂತೀವಿ? "ತಪ್ಪಾಯ್ತು." ಮಳೆ ಆಯ್ತು, ಊಟ ಆಯ್ತು ಅನ್ನೋ ಹಾಗೆ. ಮಾಡಿದವರು ಯಾರು, ಏನು ಮಾಡಿದರು ಅನ್ನೋದು ಅದರಲ್ಲಿ ಇಲ್ಲ. ದೇವರ ಮುಂದೆ ಗಲ್ಲ ಬಡಿದುಕೊಂಡು ತಪ್ಪಾಯ್ತು ಅಂತೀವಿ, ತಪ್ಪು ಕಾಣಿಕೆ ಹಾಕ್ತೀವಿ. ದೇವರಿಗೆ ವಿವರ ಬೇಕಿಲ್ಲ, ಎಲ್ಲ ಮೊದಲೇ ಗೊತ್ತು. ಲ್ಯಾಬಿನ ಮ್ಯಾನೇಜರ್‌ಗೆ ಹಾಗಲ್ಲ, ಅವರಿಗೆ ನಮ್ಮ ಗಲ್ಲದಿಂದ ಉಪಯೋಗ ಇಲ್ಲ. ಯಾವ ಬಾಟಲಿ, ಯಾವತ್ತಿನಿಂದ, ಯಾವ್ಯಾವ ಮಾದರಿ, ಯಾವ ವರದಿ ಹೊರಗೆ ಹೋಗಿದೆ ಅನ್ನೋದು ಬೇಕು. ನಾನು ಎರಡು ದಿನ ಜೋಡಿಸಿದ್ದು ಬರೀ 'ತಪ್ಪಾಯ್ತು'ವಿನ ಬೇರೆ ಬೇರೆ ರೂಪಗಳನ್ನ.

ವಿವರ ತಲುಪದೇ ಹೋದರೆ ಏನಾಗಬಹುದು ಅನ್ನೋದಕ್ಕೆ ವಿಮಾನ ಲೋಕದಲ್ಲಿ ಒಂದು ಕಹಿ ಉದಾಹರಣೆ ಇದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರದ ಡಲೆಸ್ ನಿಲ್ದಾಣಕ್ಕೆ ಇಳಿಯಬೇಕಿದ್ದ ಟಿಡಬ್ಲ್ಯೂಎ 514 ವಿಮಾನ ವರ್ಜೀನಿಯಾದ ಮೌಂಟ್ ವೆದರ್ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಜನರೂ ಸತ್ತರು. ಇಳಿಯೋಕೆ ಅನುಮತಿ ಸಿಕ್ಕಿದೆ ಅಂದರೆ, ಎತ್ತರವನ್ನ ಈಗಲೇ ಇಳಿಸಿಕೊಳ್ಳಬಹುದು ಅಂತ ಪೈಲಟ್‌ಗಳು ತಿಳಿದರು. ಕಂಟ್ರೋಲರ್ ಮನಸ್ಸಿನಲ್ಲಿದ್ದ ಅರ್ಥ ಅದಾಗಿರಲಿಲ್ಲ. ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಆರು ವಾರ ಮುಂಚೆ, ಯುನೈಟೆಡ್ ಕಂಪನಿಯ ಒಂದು ವಿಮಾನದವರು ಅದೇ ನಿಲ್ದಾಣಕ್ಕೆ ಬರುವಾಗ ಅದನ್ನೇ ಹಾಗೇ ಅರ್ಥ ಮಾಡಿಕೊಂಡು, ಅದೇ ಬೆಟ್ಟದಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದರು. ಅವರು ಮುಚ್ಚಿಡಲಿಲ್ಲ, ಕಂಪನಿಗೆ ಹೇಳಿದರು. ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆ ಟಿಡಬ್ಲ್ಯೂಎಗೆ ಮುಟ್ಟಲಿಲ್ಲ.

ಆಮೇಲೆ ಅಮೆರಿಕದ ವಿಮಾನಯಾನ ಇಲಾಖೆ, ಪೈಲಟ್‌ಗಳೇ ತಮ್ಮ ತಪ್ಪುಗಳನ್ನ ಬಂದು ಹೇಳಲಿ ಅಂತ ಒಂದು ವ್ಯವಸ್ಥೆ ಮಾಡಿತು. ಆದರೆ ದಂಡ ಹಾಕೋದೂ ಅದೇ ಇಲಾಖೆ. ಪೊಲೀಸ್ ಸ್ಟೇಷನ್‌ನಲ್ಲಿ ಸಲಹಾ ಪೆಟ್ಟಿಗೆ ಇಟ್ಟ ಹಾಗೆ. ಅದಕ್ಕೇ 1976ರಲ್ಲಿ ಆ ಕೆಲಸವನ್ನ ನಾಸಾಗೆ ವಹಿಸಿದರು. ನಾಸಾಗೆ ಯಾರ ಲೈಸೆನ್ಸನ್ನೂ ಕಿತ್ತುಕೊಳ್ಳೋ ಅಧಿಕಾರ ಇಲ್ಲ. ಬಂದ ವರದಿಯಿಂದ ಹೆಸರು ತೆಗೆದುಹಾಕ್ತಾರೆ, ಉಳಿದದ್ದನ್ನ ಎಲ್ಲರೂ ಓದಬಹುದು. ಉದ್ದೇಶವಿಲ್ಲದೆ ಆದ ತಪ್ಪನ್ನ 10 ದಿನದೊಳಗೆ ತಿಳಿಸಿದರೆ ಸಾಮಾನ್ಯವಾಗಿ ದಂಡ ಇಲ್ಲ; ಅಪರಾಧಕ್ಕೆ, ಅಪಘಾತಕ್ಕೆ ಈ ವಿನಾಯಿತಿ ಅನ್ವಯಿಸೋದಿಲ್ಲ. ಭಯ ಇರೋರಿಗೆ ಧೈರ್ಯದ ಪಾಠ ಹೇಳೋದು ಬಿಟ್ಟು ಭಯಕ್ಕೇ ಒಂದು ವ್ಯವಸ್ಥೆ ಮಾಡಿದರು. ನೀವು ಯಾರದಾದರೂ ಮ್ಯಾನೇಜರ್ ಆಗಿದ್ದರೆ ಈ ಭಾಗವನ್ನ ಇನ್ನೊಂದು ಸಲ ಕೇಳಿ.

ಮೇಲಿನವರ ಮಾತು ಬಂದಿದ್ದಕ್ಕೆ ಫ್ರಾನ್ಸಿಸ್ ಆರ್ನಾಲ್ಡ್ ಅವರನ್ನೂ ನೆನೆಯಬೇಕು. 2018ರ ರಸಾಯನ ವಿಜ್ಞಾನ ನೊಬೆಲ್ ಪಡೆದವರು. ಮರುವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಅವರ ತಂಡದ ಒಂದು ಪ್ರಬಂಧ ಬಂತು. ಪೆನಿಸಿಲಿನ್ ಒಳಗಿರೋ ಬೀಟಾ-ಲ್ಯಾಕ್ಟಮ್ ಉಂಗುರವನ್ನ ಕಿಣ್ವಗಳಿಂದ ಕಟ್ಟೋದರ ಬಗ್ಗೆ. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಲ್ಯಾಬ್ ನೋಟ್‌ಬುಕ್ ನೋಡಿದರೆ ಮುಖ್ಯ ಪ್ರಯೋಗಗಳ ದಾಖಲೆ, ಮೂಲ ಡೇಟಾ ಇರಲಿಲ್ಲ. 2020ರ ಜನವರಿಯಲ್ಲಿ ಪ್ರಬಂಧ ಹಿಂತೆಗೆದುಕೊಂಡು ಅವರೇ ಟ್ವಿಟರ್‌ನಲ್ಲಿ ಬರೆದರು: ಆ ಸಮಯದಲ್ಲಿ ತಾನು ಬೇರೆ ಓಡಾಟದಲ್ಲಿದ್ದೆ, ತನ್ನ ಕೆಲಸವನ್ನ ಸರಿಯಾಗಿ ಮಾಡಲಿಲ್ಲ ಅನ್ನೋ ಅರ್ಥದಲ್ಲಿ. ವಿದ್ಯಾರ್ಥಿಗಳ ಕಡೆ ಬೆರಳು ತೋರಿಸೋದು ಎಷ್ಟು ಸುಲಭ ಇತ್ತು. ನೋಡಬೇಕಾದವರು ನೋಡಲಿಲ್ಲ ಅನ್ನೋದೂ ಆ ತಪ್ಪಿನ ಒಂದು ವಿವರ, ಅದನ್ನ ಹೇಳಬಲ್ಲವರು ಅವರೊಬ್ಬರೇ.

ಈಗ ಪತ್ರಕ್ಕೆ ವಾಪಸ್. ರೆಕಾರ್ಡ್ ಮಾಡೋಕೆ ಮುಂಚೆಯೇ ನಾನು ಅವರಿಗೆ ಬರೆದೆ. ಹೇಳಿ ಅಂತಲೂ ಬರೆಯಲಿಲ್ಲ, ಬೇಡ ಅಂತಲೂ ಬರೆಯಲಿಲ್ಲ. ವೀಸಾದ ಚಿಂತೆಗೆ ಒಬ್ಬ ವಕೀಲರನ್ನ ಕೇಳಿ, ನನ್ನನ್ನಲ್ಲ ಅಂದೆ. ಆಮೇಲೆ ಒಂದು ಕೆಲಸ ಕೊಟ್ಟೆ: ಯಾರಿಗೆ ನಷ್ಟ ಅಂತ ಕೇಳಿದ್ದೀರಲ್ಲ, ಅದನ್ನ ನಿಜವಾಗಿ ಪತ್ತೆ ಮಾಡಿ. ಈ ಎರಡು ವಾರದಲ್ಲಿ ನಿಮ್ಮ ಅಂಕಿಗಳನ್ನ ಯಾರು ತೆಗೆದುಕೊಂಡು ಹೋದರು? ಒಂದು ಹಾಳೆ ಮೇಲೆ ಯಾವ ಫೈಲ್, ಯಾವ ದಿನಾಂಕದಿಂದ, ಅದರಿಂದ ಯಾವ ಅಂಕಿ ಎಷ್ಟು ಬದಲಾಗುತ್ತೆ, ಅದು ಎಲ್ಲೆಲ್ಲಿ ಹೋಗಿದೆ, ಇನ್ನೂ ನಿಮಗೆ ಗೊತ್ತಿಲ್ಲದ್ದು ಏನು ಅಂತ ಬರೆಯಿರಿ. ಕ್ಷಮೆಯ ಸಾಲು ಸದ್ಯಕ್ಕೆ ಬೇಡ.

ಮರುದಿನ ರಾತ್ರಿ ಉತ್ತರ ಬಂತು. ಹಾಳೆ ಬರೆಯೋಕೆ ಕೂತ ಮೇಲೆ ಗೊತ್ತಾಯಿತಂತೆ, ಅವರ ಅಂಕಿಗಳನ್ನ ಬೇರೆ ಎರಡು ತಂಡಗಳು ಆಗಲೇ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದವು. ಅದರಲ್ಲಿ ಒಂದು ತಂಡದವರ ಲೆಕ್ಕ ಸರಿಹೊಂದದೆ, ಒಬ್ಬ ಹುಡುಗ ನಾಲ್ಕು ದಿನದಿಂದ ತನ್ನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕ್ತಾ ಕೂತಿದ್ದ. ಸದ್ದಿಲ್ಲದೆ ಫೈಲ್ ಬದಲಿಸಿದ್ದರೆ ಅವನ ಅಂಕಿಗಳು ಒಂದು ಬೆಳಿಗ್ಗೆ ತಾವಾಗಿಯೇ ಬದಲಾಗ್ತಿದ್ದವು, ಯಾಕೆ ಅಂತ ಅವನಿಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮ್ಯಾನೇಜರ್ ಸಮಯ ಕೇಳಿದ್ದಾರೆ, ಹಾಳೆ ಪ್ರಿಂಟ್ ತೆಗೆದಿಟ್ಟುಕೊಂಡಿದ್ದಾರೆ. ನಾನು ಇದನ್ನ ರೆಕಾರ್ಡ್ ಮಾಡ್ತಿರೋದು ಭಾನುವಾರ. ಮುಂದೂಡಿದ ವಿಷಯದ ಜೊತೆ ಮುಂದಿನ ಸಂಚಿಕೆಯಲ್ಲಿ ಸಿಗೋಣ.